ಇನ್ವೋಕ್-ಕಮಾಂಡ್ ಎಂಬ ಉದ್ದ ಕೈ
ಸೈಬರ್ ಭದ್ರತೆಯ ಸರ್ಟಿಫಿಕೇಟ್ ಪರೀಕ್ಷೆಗೆ ಓದುವವರು ಪವರ್‌ಶೆಲ್ ರಿಮೋಟಿಂಗಿನ ಪೋರ್ಟ್ ಸಂಖ್ಯೆಗಳನ್ನು ಉರು ಹೊಡೆಯುತ್ತಾರೆ: 5985 ಎಚ್‌ಟಿಟಿಪಿ, 5986 ಎಚ್‌ಟಿಟಿಪಿಎಸ್. ಅವುಗಳ ಹಿಂದಿನ ಸೊಗಸು ಮಾತ್ರ ಲ್ಯಾಬಿನಲ್ಲಿ ಎರಡು ವರ್ಚುವಲ್ ಮೆಷೀನ್ ಕೂರಿಸಿ, ಒಂದರಿಂದ ಇನ್ನೊಂದಕ್ಕೆ ಇನ್ವೋಕ್-ಕಮಾಂಡ್ ಮೂಲಕ ಆಜ್ಞೆ ಕಳಿಸಿ ಓಡಿಸಿದಾಗಲೇ ತಿಳಿಯುವುದು.

ಪವರ್‌ಶೆಲ್‌ಗೆ ದೂರದಿಂದಲೇ ಆಜ್ಞೆ ಓಡಿಸುವ ಈ ರಿಮೋಟಿಂಗ್ ಬಂದದ್ದು 2009ರಲ್ಲಿ, ಎರಡನೇ ಆವೃತ್ತಿಯೊಂದಿಗೆ. ಪವರ್‌ಶೆಲ್ ರೂಪಿಸಿದ ಜೆಫ್ರಿ ಸ್ನೋವರ್ ಮತ್ತು ಸಂಗಡಿಗರ ಜಾಣತನ ನೋಡಿ: ದೂರದ ಕಂಪ್ಯೂಟರಿನಿಂದ ಬರುವುದು ಬರೀ ಅಕ್ಷರಗಳ ಸಾಲಲ್ಲ, ಆಬ್ಜೆಕ್ಟ್. ನೂರು ಕಂಪ್ಯೂಟರುಗಳಲ್ಲಿ ಏನೇನು ಪ್ರೋಸೆಸ್ ಓಡುತ್ತಿದೆ ಎಂದು ಕೇಳಿದರೆ, ಒಂದೊಂದು ಉತ್ತರಕ್ಕೂ ಪಿಎಸ್‌ಕಂಪ್ಯೂಟರ್‌ನೇಮ್ ಎಂಬ ಚೀಟಿ ಅಂಟಿಕೊಂಡೇ ಬರುತ್ತದೆ. ಒಮ್ಮೆಗೆ ಆಜ್ಞೆ ಓಡುವುದು 32 ಕಂಪ್ಯೂಟರುಗಳಲ್ಲಿ ಮಾತ್ರ, ಉಳಿದವು ಸರದಿಯಲ್ಲಿ ಕಾಯುತ್ತವೆ. (ಈ ಮಿತಿಯನ್ನು ಬದಲಾಯಿಸಬಹುದು; ನನಗೆ ಆ ಸಂಯಮವೇ ಇಷ್ಟ.) ಆದರೆ ಬಂದ ಆಬ್ಜೆಕ್ಟಿಗೆ ಜೀವವಿಲ್ಲ. ಪ್ರೋಸೆಸ್ಸಿನ ವಿವರವೆಲ್ಲ ಇದೆ, ಕಿಲ್ ಮೆಥಡ್ ಇಲ್ಲ. ನಿಲ್ಲಿಸಬೇಕೆಂದರೆ ಆ ಆಜ್ಞೆಯನ್ನೂ ಅಲ್ಲಿಗೇ ಕಳಿಸಬೇಕು.

ಕನ್ನ ಹಾಕುವವರಿಗೂ ಇದು ಅಚ್ಚುಮೆಚ್ಚು. ಆದರೆ ಅವರ ಹೆಜ್ಜೆಗುರುತೂ ಸಿಗಬಹುದು: ಸ್ಕ್ರಿಪ್ಟ್ ಬ್ಲಾಕ್ ಲಾಗಿಂಗ್ ಆನ್ ಮಾಡಿಟ್ಟಿದ್ದರೆ, ಓಡಿದ ಸ್ಕ್ರಿಪ್ಟ್ 4104 ಸಂಖ್ಯೆಯ ಈವೆಂಟ್ ಆಗಿ ದಾಖಲಾಗುತ್ತದೆ. ಪರೀಕ್ಷೆಗೆ ಕೂರುವವರು ಮೊದಲು ತಾವೇ ಓಡಿಸಿದ ಸಾಲನ್ನು ಆ ಲಾಗಿನಲ್ಲಿ ಹುಡುಕಿ ನೋಡಲಿ.