ನೀರು ಎಲ್ಲಿರಬೇಕು, ಎಲ್ಲಿರಬಾರದು

ಹಳೆಯ ಫೈಬರ್‌ಗ್ಲಾಸ್ ಮೋಟಾರು ದೋಣಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೋ ಎಂದರೆ ನಾನು ಹಿಂದೆಮುಂದೆ ನೋಡದೆ ಹದಿಮೂರು ಅಡಿಯ ಬೋಸ್ಟನ್ ವೇಲರ್ ಕಡೆ ಕೈ ತೋರಿಸುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ತಯಾರಾಗಿ 1958ರಲ್ಲಿ ಮಾರುಕಟ್ಟೆಗೆ ಬಂದ ಈ ದೋಣಿಗೆ ಮೊದಲ ನೋಟಕ್ಕೇ ಸೆಳೆಯುವ ಚೆಲುವಿಲ್ಲ. ಮೂತಿ ಮೊಂಡು, ಪಕ್ಕೆಗಳು ನೇರ. ಆ ಕಾಲದ ಎಷ್ಟೋ ದೋಣಿಗಳು ಕಾರುಗಳನ್ನು ನೋಡಿ ತಾವೂ ಹಿಂಬದಿಗೆ ರೆಕ್ಕೆ ಕಟ್ಟಿಕೊಂಡು ಮೆರೆಯುತ್ತಿದ್ದಾಗ ಇದು ಒಂದೇ ಒಂದು ಅಲಂಕಾರವನ್ನೂ ಹಚ್ಚಿಕೊಳ್ಳಲಿಲ್ಲ. ಒಳಗೆ ಕಣ್ಣಿಗೆ ಹಿತವಾದ ತಿಳಿನೀಲಿ ಬಣ್ಣ, ಕೂರಲು ವಾರ್ನಿಷ್ ಬಳಿದ ಮಹಾಗನಿ ಹಲಗೆ. ಅಷ್ಟೇ. ಆ ಅಷ್ಟೇ ನನಗೆ ಸಾಕು.

ಇದನ್ನು ಕಟ್ಟಿದ ಡಿಕ್ ಫಿಶರ್ ಹಾರ್ವರ್ಡಿನಲ್ಲಿ ಓದಿದ್ದು ತತ್ವಶಾಸ್ತ್ರ. ಬಾಲ್ಸಾ ಎಂಬ ಹಗುರ ಮರದಲ್ಲಿ ಸಣ್ಣ ದೋಣಿ ಮಾಡುವ ಹುಚ್ಚು ಅವರಿಗಿತ್ತು. 1954ರ ಹೊತ್ತಿಗೆ ಪಾಲಿಯುರೆಥೇನ್ ನೊರೆಯ ವಿಷಯ ತಿಳಿದಾಗ, ಉಬ್ಬಿ ಗಟ್ಟಿಯಾಗುವ ಈ ವಸ್ತು ಬಾಲ್ಸಾದ ಜಾಗ ತುಂಬಬಲ್ಲದು ಎಂದು ಅವರಿಗೆ ಹೊಳೆಯಿತು. ದೋಣಿಯ ಆಕಾರ ಕೊಟ್ಟವರು ಅವರ ಗೆಳೆಯ, ನೌಕಾ ವಿನ್ಯಾಸಕ ರೇ ಹಂಟ್. ಆಲ್ಬರ್ಟ್ ಹಿಕ್‌ಮನ್ ಎಂಬಾತ ಬಹಳ ಹಿಂದೆಯೇ ರೂಪಿಸಿದ್ದ ‘ಸೀ ಸ್ಲೆಡ್’ ದೋಣಿಯ ಅವಳಿ ತಳವೇ ಅದಕ್ಕೆ ಮೂಲ. ಮೊದಲ ಮಾದರಿಯ ಮೇಲೆ ಫಿಶರ್ ಭಾರ ಹೇರಿ ಓಡಿಸಿದಾಗ ಎರಡು ಏಣುಗಳ ನಡುವಿನ ಟೊಳ್ಳಿನಲ್ಲಿ ಗಾಳಿ ನುಗ್ಗಿ ಪ್ರೊಪೆಲ್ಲರ್ ಹಿಡಿತ ತಪ್ಪುತ್ತಿತ್ತು. ನಡುವೆ ಮೂರನೆಯ ಏಣು ಸೇರಿಸಿದ ಮೇಲೆಯೇ ದೋಣಿ ಸರಿಹೋಗಿದ್ದು. ನೀರಿಗಿಳಿಸಿ, ಕೆಡಿಸಿ, ಮತ್ತೆ ತಿದ್ದಿ ಮಾಡಿದ ವಿನ್ಯಾಸ ಅದು. ಆ ತಿದ್ದುಪಡಿ ತಳವನ್ನು ಕೈಯಲ್ಲಿ ಸವರಿದರೆ ಇಂದಿಗೂ ಸಿಗುತ್ತದೆ.

1961ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದ ಚಿತ್ರಗಳು ವೇಲರನ್ನು ಮನೆಮಾತಾಗಿಸಿದವು. ನೀರಿನಲ್ಲಿ ತೇಲುತ್ತಿರುವ ದೋಣಿಯನ್ನು ಗರಗಸದಿಂದ ಅಡ್ಡಡ್ಡ ಎರಡು ಹೋಳು ಮಾಡಿದರು. ಕೊನೆಗೆ ಎಂಜಿನ್ ಇದ್ದ ಅರ್ಧ ತನ್ನ ಪಾಡಿಗೆ ಓಡಿತು. ಒಳಗಿನ ಮತ್ತು ಹೊರಗಿನ ಎರಡು ಫೈಬರ್‌ಗ್ಲಾಸ್ ಚಿಪ್ಪುಗಳ ನಡುವೆ ನೊರೆ ತುಂಬಿ ಗಟ್ಟಿಗೊಳಿಸಿರುವುದರಿಂದ ಮುಳುಗಲು ಅಲ್ಲಿ ಖಾಲಿ ಜಾಗವೇ ಇಲ್ಲ.

ಆ ಗರಗಸದ ಚಿತ್ರ ನೋಡಿದ ಬಹಳ ಜನ ಇದಕ್ಕೆ ಆರೈಕೆಯೇ ಬೇಡ ಎಂದುಕೊಂಡರು. ಅರವತ್ತು ವರ್ಷ ದಾಟಿದ ವೇಲರುಗಳು ಇವತ್ತು ಒದ್ದಾಡುತ್ತಿರುವುದು ಆ ಎಣಿಕೆಯಿಂದಲೇ. ಫೈಬರ್‌ಗ್ಲಾಸ್‌ಗೆ ಗೆದ್ದಲಿಲ್ಲ, ತುಕ್ಕಿಲ್ಲ. ಅದನ್ನು ಕೆಡಿಸುವುದು ನಾವು ಕೊರೆದ ತೂತು. ಮೀನಿನ ಗಾಳದ ಕೋಲಿಗೊಂದು ಗೂಟ, ದೀಪಕ್ಕೊಂದು ಕಂಬಿ, ಕುರ್ಚಿಗೆ ನಾಲ್ಕು ಸ್ಕ್ರೂ ಎಂದು ಒಬ್ಬೊಬ್ಬ ಮಾಲೀಕನೂ ಕೊರೆಯುತ್ತ ಹೋಗುತ್ತಾನೆ. ಪ್ರತಿ ತೂತಿನಿಂದಲೂ ನೀರು ಒಳಗಿನ ನೊರೆಗೆ, ಎಂಜಿನ್ ಕೂರಿಸುವ ಹಿಂಬದಿ ಹಲಗೆಯೊಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ. ಇಳಿದ ನೀರು ಹೊರಬರಲು ದಾರಿಯಿಲ್ಲ. ನ್ಯೂ ಇಂಗ್ಲೆಂಡಿನ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿತೆಂದರೆ ನೊರೆಯನ್ನೂ ಚಿಪ್ಪನ್ನೂ ಬೇರೆ ಮಾಡುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ದಾರಿಯಿದೆ. ದೋಣಿಯೊಳಗಿನ ನೀರು ಹೊರಹೋಗಲೆಂದು ನೊರೆಯನ್ನು ಹಾದುಹೋಗುವ ಹಿತ್ತಾಳೆಯ ಕೊಳವೆ. ಓಡುತ್ತಿರುವಾಗ ಬಿರಡೆ ತೆಗೆದರೆ ಒಳಗಿನ ನೀರೆಲ್ಲ ಅದರಲ್ಲಿ ತಾನಾಗಿ ಖಾಲಿಯಾಗುವುದು ವೇಲರಿನ ಸುಖಗಳಲ್ಲೊಂದು. ಆದರೆ ಉಪ್ಪುನೀರಿನಲ್ಲಿ ಹಿತ್ತಾಳೆ ವರ್ಷಗಟ್ಟಲೆ ಕುಳಿತರೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ, ತುದಿಯ ರಬ್ಬರ್ ಉಂಗುರ ಒಣಗಿ ಸೀಳುತ್ತದೆ. ನೀರು ಹೊರಗೆ ಹಾಕಬೇಕಾದ ಕೊಳವೆಯೇ ನೊರೆಗೆ ನೀರುಣಿಸುತ್ತದೆ. ಹಳೆಯ ವೇಲರ್ ಮನೆಗೆ ಬಂದರೆ ನಾನು ಮೊದಲು ಕೈಹಾಕುವುದು ಈ ಕೊಳವೆಗೇ. ಬಣ್ಣ, ಪಾಲಿಶು ಎಲ್ಲ ಆಮೇಲೆ. ಕೊಳವೆ ಬದಲಿಸಿ, ಬೇಡದ ತೂತುಗಳನ್ನು ಎಪಾಕ್ಸಿಯಿಂದ ತುಂಬಬೇಕು. ಬೇಕಾದ ತೂತನ್ನೂ ಒಮ್ಮೆ ತುಂಬಿ, ಒಣಗಿದ ಮೇಲೆ ನಡುವೆ ಮತ್ತೆ ಕೊರೆದರೆ ಸ್ಕ್ರೂ ಸುತ್ತ ಎಪಾಕ್ಸಿಯ ಗೋಡೆ ಉಳಿಯುತ್ತದೆ. ಸ್ಕ್ರೂ ಕೂರಿಸುವಾಗ ಪಾಲಿಸಲ್ಫೈಡ್ ಅಂಟು ಬಳಸಿ, ಮುಂದೆ ಬಿಚ್ಚಬಹುದು. ಜನ್ಮಕ್ಕೆ ಬಿಡದ ಅಂಟುಗಳನ್ನು ಹಚ್ಚಿದರೆ ಬಿಚ್ಚುವಾಗ ಫೈಬರ್‌ಗ್ಲಾಸಿನ ಬಣ್ಣದ ಮೇಲ್ಪದರವಾದ ಜೆಲ್‌ಕೋಟನ್ನೂ ಕಿತ್ತುಕೊಂಡೇ ಬರುತ್ತವೆ.

ಮಂಕಾದ ಜೆಲ್‌ಕೋಟಿಗೆ ನನ್ನ ಮಟ್ಟಿಗೆ ಪೇಂಟು ಕೊನೆಯ ದಾರಿ. ಪುಡಿಪುಡಿಯಾದ ಮೇಲ್ಪದರವನ್ನು ಕಾಂಪೌಂಡಿನಿಂದ ತಿಕ್ಕಿ ತೆಗೆದು ಮೇಣ ಹಚ್ಚಿದರೆ ಅಡಿಯಿಂದ ಮೇಲೇಳುವ ಬಣ್ಣಕ್ಕೆ ಯಾವ ಡಬ್ಬಿಯ ಪೇಂಟೂ ಸಮವಲ್ಲ.

ಇನ್ನು ಎಂಜಿನ್. ಹದಿಮೂರು ಅಡಿಯ ವೇಲರಿಗೆ ಒಪ್ಪುವ ಜೋಡಿ ಎಂದರೆ ಅದೇ ಕಾಲದ ಜಾನ್ಸನ್ ಅಥವಾ ಎವಿನ್‌ರೂಡ್, ಎರಡು ಸಿಲಿಂಡರಿನ ಟೂ ಸ್ಟ್ರೋಕ್, 35 ಇಲ್ಲವೇ 40 ಅಶ್ವಶಕ್ತಿ. ಇವುಗಳಲ್ಲಿ ಎವಿನ್‌ರೂಡ್, ಓಲೆ ಎವಿನ್‌ರೂಡ್ ಮಿಲ್ವಾಕಿಯಲ್ಲಿ 1909ರಲ್ಲಿ ಶುರುಮಾಡಿದ ವಂಶದ ಕುಡಿ. ಈಗಿನ 40 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ನೂರು ಕಿಲೋ ಹತ್ತಿರ ತೂಗುತ್ತದೆ. ಹಳೆಯವು ಎಪ್ಪತ್ತರ ಆಸುಪಾಸು. ಹಿಂದೆ ಅಷ್ಟು ಭಾರ ನೇತುಹಾಕಿದರೆ ಈ ಪುಟ್ಟ ದೋಣಿ ಮೂತಿ ಎತ್ತಿಕೊಂಡು ನಿಲ್ಲುತ್ತದೆ.

ಇಲ್ಲಿಯೂ ಪ್ರಶ್ನೆ ನೀರಿನದೇ, ಆದರೆ ತಿರುವುಮುರುವಾಗಿ. ಎಂಜಿನ್ನಿನೊಳಗೆ ನೀರು ಹರಿಯಲೇಬೇಕು. ಕೆಳಗಿನ ಕಾಲಿನಲ್ಲಿರುವ ರಬ್ಬರ್ ಇಂಪೆಲ್ಲರ್ ಹೊಳೆಯ ನೀರನ್ನೇ ಮೇಲೆತ್ತಿ ಸಿಲಿಂಡರ್ ತಣಿಸುತ್ತದೆ. ನೀರಿಲ್ಲದೆ ಎಂಜಿನ್ ಓಡಿಸಿದರೆ ಅದರ ಎಸಳುಗಳು ನೋಡನೋಡುತ್ತಲೇ ಸವೆದುಹೋಗುತ್ತವೆ. ಹಾಗಾಗಿ ಪರೀಕ್ಷಿಸುವುದೇ ಆದರೆ ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಡಬೇಕು. ನಮ್ಮ ಮಲ್ಪೆ, ಗಂಗೊಳ್ಳಿ ಕಡೆ ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್ ಕಟ್ಟಿಕೊಂಡು ಕಡಲಿಗಿಳಿಯುವ ನಾಡದೋಣಿಯವರಿಗೆ ಈ ಪಾಠ ಯಾರೂ ಹೇಳಬೇಕಿಲ್ಲ. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿಗೆ ಸಿಹಿನೀರು ಹಾಯಿಸಬೇಕೆಂಬ ನಿಯಮಕ್ಕೆ ಸಾಗರ ಯಾವುದೆಂಬ ಭೇದವಿಲ್ಲ.

ಅದೇ ನೀರು ಗೇರ್ ಪೆಟ್ಟಿಗೆಗೆ ಹೋಗಕೂಡದು. ಚಳಿಗಾಲಕ್ಕೆ ಮುಂಚೆ ಕೆಳಗಿನ ಸ್ಕ್ರೂ ಬಿಚ್ಚಿ ಎಣ್ಣೆ ನೋಡಬೇಕು. ಹಾಲು ಬೆರೆಸಿದ ಕಾಫಿಯ ಹಾಗೆ ಬಂದರೆ ಸೀಲು ಹೋಗಿದೆ. ಹಾಗೇ ಬಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಅಲ್ಯೂಮಿನಿಯಂ ಪೆಟ್ಟಿಗೆಯನ್ನೇ ಸೀಳುತ್ತದೆ. ಪೆಟ್ರೋಲಿನಲ್ಲಿಯೂ ನೀರು ಕೂಡದು. ಈಗಿನ ಎಥನಾಲ್ ಬೆರೆತ ಪೆಟ್ರೋಲು ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಸಾಧ್ಯವಾದಲ್ಲೆಲ್ಲ ಎಥನಾಲ್ ಇಲ್ಲದ್ದನ್ನೇ ಹಾಕಿ. ಎಣ್ಣೆಯ ಪ್ರಮಾಣದಲ್ಲಿ ಚೌಕಾಸಿ ಬೇಡ. 1964ಕ್ಕೆ ಹಿಂದಿನ ಈ ಎಂಜಿನ್ನುಗಳಿಗೆ 24 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. 50ಕ್ಕೆ ಒಂದು ಎನ್ನುವುದು ಆಮೇಲೆ ಬಂದವುಗಳ ಲೆಕ್ಕ.

ಐವತ್ತರ ದಶಕದ ಜಾನ್ಸನ್, ಎವಿನ್‌ರೂಡ್ ಕೊಳ್ಳುವವರು ಪೆಟ್ರೋಲು ಟ್ಯಾಂಕನ್ನು ಎಚ್ಚರದಿಂದ ನೋಡಬೇಕು. ಆಗಿನ ಪದ್ಧತಿಯಲ್ಲಿ ಎಂಜಿನ್ನಿಗೆ ಪಂಪ್ ಇರಲಿಲ್ಲ. ಜೋಡಿ ಕೊಳವೆಯಲ್ಲಿ ಟ್ಯಾಂಕಿಗೆ ಗಾಳಿಯೊತ್ತಡ ಹೋಗಿ ಅಲ್ಲಿಂದ ಪೆಟ್ರೋಲು ಏರುತ್ತಿತ್ತು. ಒತ್ತಡದಲ್ಲಿರುವ ಪೆಟ್ರೋಲು, ಅದಕ್ಕೆ ಹಳೆಯ ಗ್ಯಾಸ್ಕೆಟ್. ಇಲ್ಲಿ ಮಾತ್ರ ನಾನು ಹಳೆಯದರ ಪರವಾಗಿಲ್ಲ. ಪಂಪ್ ಜೋಡಿಸಿ ಸಾದಾ ಟ್ಯಾಂಕಿಗೆ ಬದಲಿಸಿಕೊಳ್ಳಿ.

ಕಿಡಿಯ ವಿಭಾಗ ಫ್ಲೈವೀಲಿನ ಕೆಳಗೆ ಅಡಗಿದೆ. ಕಾಯಿಲಿನ ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟಿರುವುದು ಬಹುತೇಕ ಖಚಿತ; ಎರಡು ಕಾಯಿಲುಗಳನ್ನೂ ಒಟ್ಟಿಗೆ ಬದಲಿಸಿ, ಪಾಯಿಂಟ್ಸ್ ಒರೆಸಿ, ನಡುವಿನ ಅಂತರವನ್ನು ಇಂಚಿನ 0.020ಕ್ಕೆ ಕೂರಿಸಿದರೆ ಆಯಿತು. ಒಂದು ಸಂಜೆಯ ಕೆಲಸ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಿಡಿ ಇದೆಯೋ ಇಲ್ಲವೋ, ಪೆಟ್ರೋಲು ಬರುತ್ತಿದೆಯೋ ಇಲ್ಲವೋ ಎಂಬ ಎರಡು ಪ್ರಶ್ನೆಗೆ ನೀವೇ ಉತ್ತರ ಹುಡುಕಬಹುದಾದ ಯಂತ್ರ. ಈ ಹವ್ಯಾಸದ ಅರ್ಧ ಸುಖ ನನಗೆ ಆ ಸಂಜೆಗಳಲ್ಲಿದೆ.

ಹೊಗೆಯ ಮಾತನ್ನು ಮುಚ್ಚಿಡಲಾರೆ. ಈ ಟೂ ಸ್ಟ್ರೋಕ್‌ಗಳು ಕುಡಿದ ಪೆಟ್ರೋಲಿನಲ್ಲಿ ಒಂದು ಭಾಗವನ್ನು ಉರಿಸದೆಯೇ ನೀರಿಗೆ ಬಿಡುತ್ತವೆ. ಕುಡಿಯುವ ನೀರಿನ ಕೆರೆಗೆ ಇದನ್ನು ಇಳಿಸಬಾರದು, ಕಾನೂನು ಬಿಟ್ಟರೂ ಇಳಿಸಬಾರದು. ಅಗಲವಾದ ಕೊಲ್ಲಿಯಲ್ಲಿ, ಅಲೆ ಸಣ್ಣದಿರುವ ಮುಂಜಾನೆ ಹೊರಡಿ. ಅಲೆ ಎದ್ದರೆ ವೇಲರಿನ ಚಪ್ಪಟೆ ತಳ ಬೆನ್ನಿಗೇ ಏಟು ಕೊಡುತ್ತದೆ. ಅಲೆ ಸೀಳುವ ಆಳವಾದ ‘ವಿ’ ತಳದ ದೋಣಿಯನ್ನೂ ಇದೇ ರೇ ಹಂಟ್ ವಿನ್ಯಾಸ ಮಾಡಿದರು. ಆ ಬಗೆಯ ‘ಮಾಪಿ’ 1960ರ ಮಯಾಮಿ–ನಸ್ಸಾವ್ ಪಂದ್ಯ ಗೆದ್ದಿತು. ಅದು ಬೇರೆಯೇ ವಾರದ ಮಾತು.

ಯಾರಾದರೂ ಹಳೆಯ ವೇಲರ್ ನೋಡಲು ಹೊರಟಿದ್ದರೆ ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ಜೊತೆಗಿರಲಿ. ಹಿಂಬದಿ ಹಲಗೆಯನ್ನು ಅಂಗೈಯಗಲದ ಅಂತರದಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮೊದ್ದಾದ ಜಾಗದಲ್ಲಿ ಒಳಗಿನ ಪ್ಲೈವುಡ್ ಕೊಳೆತಿರುತ್ತದೆ. ಮಾರುವವರು ಒಪ್ಪಿದರೆ ಟ್ರೇಲರ್ ಸಮೇತ ವೇಬ್ರಿಡ್ಜಿಗೆ ಒಯ್ದು, ಟ್ರೇಲರಿನದನ್ನೂ ಎಂಜಿನ್ನಿನದನ್ನೂ ಕಳೆದು, ಕಂಪನಿಯ ಕೆಟಲಾಗಿನ ತೂಕಕ್ಕೆ ಹೋಲಿಸಿ ನೋಡಿ. ಹೆಚ್ಚಿಗೆ ಬಂದ ಕಿಲೋಗಳೆಲ್ಲ ನೊರೆ ಕುಡಿದ ನೀರು. ಮತ್ತೆ, ನಾನು ಬರುವ ಮುಂಚೆ ಎಂಜಿನ್ ಓಡಿಸಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ. ತಣ್ಣಗಿರುವ ಎಂಜಿನ್ ಎಷ್ಟು ಎಳೆತಕ್ಕೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ನೀವೇ ಕಣ್ಣಾರೆ ನೋಡಬೇಕು.