ಜಂತೆ ಎಣಿಸುವವರ ಊಟ

‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ಗಾದೆಯನ್ನು ಕೇಳದವರು ಕಡಿಮೆ. ಊಟಕ್ಕೆ ಕರೆದವರ ಮನೆಯಲ್ಲಿ ಎಲೆಯ ಮುಂದೆ ಕುಳಿತು, ತಲೆ ಎತ್ತಿ, ಮಾಡಿನ ಜಂತೆಗಳೆಷ್ಟು, ಅವುಗಳಲ್ಲಿ ಹುಳು ಹಿಡಿದವೆಷ್ಟು ಎಂದು ಲೆಕ್ಕ ಹಾಕುವುದು ಕೃತಘ್ನತೆ ಎಂಬುದು ಅದರ ತಾತ್ಪರ್ಯ. ನೆಂಟರಿಷ್ಟರ ನಡುವೆ ಇದು ಒಳ್ಳೆಯ ಮಾತೇ. ಗಾದೆಯ ವಿಸ್ತಾರ ಬರೆಸುವ ಕನ್ನಡ ಟೀಚರಾಗಿ ನಾನೂ ಇದನ್ನು ಎಷ್ಟೋ ತಂಡಗಳ ಮಕ್ಕಳಿಗೆ ಬರೆಸಿದ್ದೇನೆ. ಆದರೆ ಜಂತೆ ಎಣಿಸುವುದೇ ಯಾರ ಕೆಲಸವೋ ಅವರು ಎಲ್ಲಿ ಉಣ್ಣಬೇಕು? ಎಣಿಸುವವರಿಲ್ಲದೆ ಮಾಡು ಕುಸಿದರೆ ಅದು ಬೀಳುವುದು ಕೆಳಗೆ ಮಲಗಿದವರ ಮೇಲೆ. ಗಾದೆ ಈ ವಿಷಯದಲ್ಲಿ ಮೌನವಾಗಿದೆ.

ಕೆ.ಜಿ.ಎಫ್.ನಲ್ಲಿ ಬೆಳೆದು ಬಂಗಾರಪೇಟೆಯಲ್ಲಿ ಪಾಠ ಹೇಳುವ ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಗಣಿಯ ಲೈನುಗಳಲ್ಲಿ ಬೆಳೆದವರಿಗೆ ರಾತ್ರಿಯ ಕೆಮ್ಮು ಪರಿಚಿತ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಮಾಡುತ್ತದೆ, ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದಲೇ. ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದದ್ದು 1880ರಲ್ಲಿ. ನಡುವಿನ ಅರ್ಧ ಶತಮಾನದಲ್ಲಿ ಯಾರೂ ಕೆಮ್ಮಲಿಲ್ಲವೆ? ಯಾರೋ ಬೇಕೆಂದೇ ಮುಚ್ಚಿಟ್ಟರು ಎಂದು ನಾನು ಹೇಳುತ್ತಿಲ್ಲ. ಆಗಿನ ವೈದ್ಯಶಾಸ್ತ್ರಕ್ಕೂ ಮಿತಿಗಳಿದ್ದವು. ಆದರೆ ಗಣಿಯ ಆಸ್ಪತ್ರೆ ಗಣಿಯದೇ. ಕಾಯಿಲೆ ಇದೆ ಎಂದು ತೀರ್ಮಾನವಾದರೆ ಹಣ ತೆರಬೇಕಾದದ್ದೂ ಗಣಿಯೇ. ಏರ್ಪಾಡೇ ಹಾಗಿತ್ತು.

1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ಮಾಡಿತು. ಆ ಬಳಿಕ 1946ರವರೆಗೆ ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದರು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಕಾಯಿಲೆ ಇತ್ತು. ಮುಂದೆ ವೇಲ್ಸ್‌ನ ಕಲ್ಲಿದ್ದಲು ಗಣಿಗಾರರಲ್ಲಿ ಕ್ಯಾಪ್ಲನ್ ಕಂಡುಹಿಡಿದ ಲಕ್ಷಣಕೂಟಕ್ಕೆ 1953ರಿಂದ ಅವರದೇ ಹೆಸರಿದೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು: ಹೊರಗಿನಿಂದ ಒಂದು ನಿಯಮ ಬಂದು ಬೆನ್ನಿಗೆ ನಿಂತ ಮೇಲೆ ಎಣಿಕೆ ಬೆಳಕಿಗೆ ಬಂತು.

ಗಣಿ 1956ರಲ್ಲಿ ಸರ್ಕಾರದ್ದಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 1990ರಲ್ಲಿ ಗಣಿ ಕಾರ್ಮಿಕರ ಆರೋಗ್ಯವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು ನಮ್ಮೂರಿನಲ್ಲೇ ಆರಂಭವಾಯಿತು. ಅದರ ವಿಜ್ಞಾನಿಗಳ ಮೇಲೆ ನನಗೆ ಯಾವ ಸಂಶಯವೂ ಇಲ್ಲ. ಆದರೆ ಗಣಿಯೂ ಕೇಂದ್ರದ ಗಣಿ ಸಚಿವಾಲಯದ ಅಡಿಯಲ್ಲಿತ್ತು, ಗಣಿಯವರ ಎದೆ ಪರೀಕ್ಷಿಸುವ ಸಂಸ್ಥೆಯೂ ಅದೇ ಸಚಿವಾಲಯದ ಅಡಿಯಲ್ಲಿತ್ತು. ಆ ಸಂಸ್ಥೆಯನ್ನು ವೈದ್ಯಕೀಯ ಸಂಶೋಧನಾ ಮಂಡಳಿಯ ಅಹಮದಾಬಾದಿನ ಸಂಸ್ಥೆಯೊಂದಿಗೆ ಸೇರಿಸುವ ತೀರ್ಮಾನವಾದದ್ದು 2019ರಲ್ಲಿ. ಎಣಿಸುವವರು ಅಡುಗೆಮನೆ ಬದಲಿಸುವ ಹೊತ್ತಿಗೆ ನಮ್ಮ ಗಣಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು.

ಅನ್ನದ ಋಣ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ವಿಜ್ಞಾನ ವಸ್ತುಪ್ರದರ್ಶನ ಏರ್ಪಾಡಾಗಿತ್ತು. ಶಾಮಿಯಾನ, ಬ್ಯಾನರು, ಮಕ್ಕಳ ತಿಂಡಿ ಎಲ್ಲಕ್ಕೂ ಊರಿನ ಒಬ್ಬ ವ್ಯಾಪಾರಿ ದುಡ್ಡು ಕೊಟ್ಟಿದ್ದರು. ಅವರದು ಕ್ಯಾನಿನಲ್ಲಿ ನೀರು ಮಾರುವ ವ್ಯಾಪಾರ. ಎಂಟನೆಯ ತರಗತಿಯ ಹುಡುಗಿಯರು ಊರಿನ ಕುಡಿಯುವ ನೀರಿನ ಬಗ್ಗೆ, ಕ್ಯಾನಿನ ನೀರಿನ ಬಗ್ಗೆಯೂ ಕೆಲವು ಪ್ರಶ್ನೆ ಎತ್ತಿ ಒಂದು ಚಾರ್ಟ್ ಬರೆದಿದ್ದರು. ಬೆಳಿಗ್ಗೆ ಬಾಗಿಲ ಎದುರಿಗಿದ್ದ ಆ ಚಾರ್ಟ್ ಉದ್ಘಾಟನೆಯ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಹೋಗಿತ್ತು. ವಿಚಾರಿಸಿದೆ. ಆ ವ್ಯಾಪಾರಿ ಒಂದು ಮಾತನ್ನೂ ಆಡಿರಲಿಲ್ಲ. ಪಾಪ, ಅವರು ಚಾರ್ಟನ್ನು ನೋಡಿಯೇ ಇರಲಿಲ್ಲ. “ಸುಮ್ನೆ ಯಾಕೆ ಮೇಡಂ, ಅವರು ಬೇಜಾರು ಮಾಡ್ಕೊಂಡ್ರೆ?” ಎಂದರು ಸಹೋದ್ಯೋಗಿಯೊಬ್ಬರು. ಕೊಟ್ಟವನು ಬಾಯಿ ಬಿಡಬೇಕಾಗಿಯೇ ಇಲ್ಲ, ತೆಗೆದುಕೊಂಡವನೇ ಅವನ ಪರವಾಗಿ ಚಾರ್ಟ್ ಸರಿಸುತ್ತಾನೆ. ಹಾಗಾಗಿ “ನಮಗೆ ಹಣ ಕೊಟ್ಟವರು ಎಂದೂ ಒತ್ತಡ ಹಾಕಿಲ್ಲ” ಎಂದು ಯಾವುದೇ ಸಂಸ್ಥೆ ಹೇಳಿದರೆ, ಅದು ನಿಜವೇ ಆಗಿದ್ದರೂ, ನನಗೆ ಸಾಲದು.

ಸಂಶೋಧನೆಯ ಲೋಕದಲ್ಲಿ ಜಂತೆ ಎಣಿಸುವುದನ್ನೇ ವ್ರತವಾಗಿ ಹಿಡಿದ ಒಂದು ಸಂಸ್ಥೆ ಅಮೆರಿಕದ ರಿಟ್ರ್ಯಾಕ್ಷನ್ ವಾಚ್. ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧದಲ್ಲಿ ದೊಡ್ಡ ತಪ್ಪೋ ಮೋಸವೋ ಕಂಡರೆ ಪತ್ರಿಕೆ ಅದನ್ನು ಹಿಂತೆಗೆದುಕೊಳ್ಳಬೇಕು. ಹಲವರು ಇದನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದರು. ಐವನ್ ಒರಾನ್ಸ್‌ಕಿ, ಆಡಮ್ ಮಾರ್ಕಸ್ ಎಂಬ ಇಬ್ಬರು ಪತ್ರಕರ್ತರು 2010ರಲ್ಲಿ ಅವನ್ನು ಹುಡುಕಿ, ಕಾರಣ ಕೇಳಿ, ಎಲ್ಲರಿಗೂ ತಿಳಿಯುವಂತೆ ಬರೆಯತೊಡಗಿದರು. ಇದು ಪಂಡಿತರ ಒಳಜಗಳವಲ್ಲವೆ ಎನ್ನುವವರು ವೇಕ್‌ಫೀಲ್ಡ್ ಪ್ರಕರಣವನ್ನು ನೆನೆಯಬೇಕು. ಎಂ.ಎಂ.ಆರ್. ಲಸಿಕೆಗೂ ಆಟಿಸಂಗೂ ನಂಟಿದೆ ಎಂದು ಸೂಚಿಸಿದ ಅವರ ಪ್ರಬಂಧ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು 1998ರಲ್ಲಿ. ಪತ್ರಿಕೆ ಅದನ್ನು ಹಿಂತೆಗೆದದ್ದು 2010ರಲ್ಲಿ. ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ಅವರಿಗೆ ಹಣ ಸಂದಿತ್ತು, ಅದನ್ನು ಅವರು ಓದುಗರಿಗೆ ಹೇಳಿರಲಿಲ್ಲ. ಬ್ರಿಯಾನ್ ಡೀರ್ ಎಂಬ ಪತ್ರಕರ್ತ ಅದನ್ನು ಬಯಲಿಗೆಳೆದರು. ನಡುವಿನ ಹನ್ನೆರಡು ವರ್ಷ ಎಷ್ಟೋ ತಾಯಂದಿರು ಲಸಿಕೆಗೆ ಹೆದರಿದರು.

ಇಂಥ ಕೆಲಸಕ್ಕೂ ದುಡ್ಡು ಬೇಕು. ರಿಟ್ರ್ಯಾಕ್ಷನ್ ವಾಚ್‌ನವರು 2014ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆ ಕಟ್ಟಿದರು. ಮ್ಯಾಕ್‌ಆರ್ಥರ್ ಪ್ರತಿಷ್ಠಾನ 4 ಲಕ್ಷ ಡಾಲರ್ ಕೊಟ್ಟಿತು, ಆರ್ನಾಲ್ಡ್, ಹೆಲ್ಮ್ಸ್‌ಲಿ ಪ್ರತಿಷ್ಠಾನಗಳೂ ಕೊಟ್ಟವು. ಹಿಂತೆಗೆದ ಪ್ರಬಂಧಗಳ ದೊಡ್ಡ ಪಟ್ಟಿಯೊಂದು ತಯಾರಾಗಿ 2018ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂಥ ದಾನ ಶುದ್ಧವೇ. ಈ ದಾನಿಗಳ ಮನೆಯ ಜಂತೆ ಇವರು ಎಣಿಸಬೇಕಾದದ್ದಲ್ಲ. ಆದರೆ ದಾನಕ್ಕೆ ಅವಧಿ ಇರುತ್ತದೆ, ದಾನಿಯ ಆಸಕ್ತಿ ಬದಲಾದರೆ ಒಲೆ ಆರುತ್ತದೆ. ಹೀಗಾಗಿ ಪಟ್ಟಿಯನ್ನು ಬಳಸುವ ಸಂಸ್ಥೆಗಳಿಂದ ಶುಲ್ಕ, ಓದುಗರ ಸಣ್ಣಪುಟ್ಟ ದೇಣಿಗೆ ಎಂದು ಅವರು ಹಲವು ಕಡೆ ಕೈಚಾಚಿದರು. ಕೊನೆಗೆ 2023ರಲ್ಲಿ ಕ್ರಾಸ್‌ರೆಫ್ ಎಂಬ ಸಂಸ್ಥೆ ಐದು ವರ್ಷಕ್ಕೆ ಸುಮಾರು 7,75,000 ಡಾಲರ್‌ಗೆ ಒಪ್ಪಿ ಪಟ್ಟಿಯನ್ನು ಕೊಂಡು, ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು.

ನನ್ನ ತಕರಾರು ಇಲ್ಲಿದೆ. ಕ್ರಾಸ್‌ರೆಫ್ ನಡೆಯುವುದು ಪ್ರಕಾಶಕರ ಸದಸ್ಯತ್ವದ ಹಣದಲ್ಲಿ. ಜಂತೆ ಎಣಿಸಬೇಕಾದ ಮನೆಗಳು ಅವರವೇ! 2023ರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದರು; ಅವುಗಳಲ್ಲಿ ಬಹುಪಾಲು ಒಂದೇ ಪ್ರಕಾಶನ ಸಮೂಹದ್ದು. ಅಂಥವರ ಹಣದ ಒಂದು ಎಳೆ ಸುತ್ತಿಬಳಸಿ ಎಣಿಸುವವರ ತಟ್ಟೆಗೆ ಬರುತ್ತದೆಂದರೆ ಮೊದಲ ನೋಟಕ್ಕೆ ಕಸಿವಿಸಿಯಾಗುತ್ತದೆ. ಆದರೂ ಒಪ್ಪಂದವನ್ನು ಬಿಡಿಸಿ ನೋಡಿದರೆ ಮೂರು ಒಳ್ಳೆಯ ಅಂಶಗಳು ಕಾಣುತ್ತವೆ. ಕ್ರಾಸ್‌ರೆಫ್‌ನ ಸದಸ್ಯರು ಸಾವಿರಾರು. ಯಾರೊಬ್ಬನೂ ಮುನಿಸಿಕೊಂಡು ಊಟ ನಿಲ್ಲಿಸಲಾರ. ಎರಡನೆಯದಾಗಿ, ಮಾರಿದ್ದು ಪಟ್ಟಿಯನ್ನು ಮಾತ್ರ. ವರದಿ ಬರೆಯುವ ಸ್ವಾತಂತ್ರ್ಯವನ್ನು ಬೇರೆಯಾಗಿಯೇ ಉಳಿಸಿಕೊಂಡಿದ್ದಾರೆ. ಮೂರನೆಯದಾಗಿ, ಪಟ್ಟಿ ಎಲ್ಲರ ಕೈಯಲ್ಲಿರುವುದರಿಂದ ನಾಳೆ ಯಾರಾದರೂ ಒಂದು ಸಾಲು ಅಳಿಸಿದರೆ ಸಿಕ್ಕಿಬೀಳುತ್ತಾರೆ. ನಮ್ಮ ಶಾಲೆಯ ಚಾರ್ಟಿಗೆ ಇಂಥ ರಕ್ಷಣೆ ಇರಲಿಲ್ಲ. ಹಾಗಿದ್ದೂ ಐದು ವರ್ಷ ಕಳೆದ ಮೇಲೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಒಂದೇ ದೊಡ್ಡ ಒಪ್ಪಂದಕ್ಕೆ ಒಗ್ಗಿಹೋದ ಹೊಟ್ಟೆ, ಅದು ಮುಗಿಯುವ ವರ್ಷ ಸ್ವಲ್ಪ ಮೆತ್ತಗಾಗುತ್ತದೆ.

ನಮ್ಮ ನಾಡಿನಲ್ಲೂ ಪಾಠಗಳಿವೆ. ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ಮಾಡಿದರು. ದೊಡ್ಡ ಗದ್ದಲವಾಯಿತು. 1977ರಲ್ಲಿ ಅವರು ಆ ಸ್ಥಾನ ಬಿಟ್ಟರು, ಸಮಿತಿಯೂ ಉಳಿಯಲಿಲ್ಲ. ಆದರೆ 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ ದಶಕಗಳ ಕಾಲ ನಡೆದುಬಂತು. ಹುದ್ದೆಯ ನೆರಳಿನಲ್ಲಿ ಹುಟ್ಟಿದ್ದು ಹುದ್ದೆಯೊಂದಿಗೆ ಹೋಯಿತು, ಕಡಿಮೆ ಖರ್ಚಿನಲ್ಲಿ ಜನರ ನಡುವೆ ಹುಟ್ಟಿದ್ದು ಬಾಳಿತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಮುಟ್ಟದೆ ಓದುಗರು ಕೊಟ್ಟ ಕಾಸಿನಲ್ಲಿ ನಡೆದದ್ದು ಇನ್ನೊಂದು ಬಗೆ. ಇದಕ್ಕೂ ತೊಡಕು ಇಲ್ಲದಿಲ್ಲ: ಓದುಗನೂ ಒಬ್ಬ ಧಣಿಯೇ, ಅವನಿಗೂ ತನ್ನ ರುಚಿ ಇರುತ್ತದೆ. ಇನ್ನು, ಅಚಲ್ ಅಗ್ರವಾಲ್ ಎಂಬ ಅಧ್ಯಾಪಕರು ರಾಯಪುರದಲ್ಲಿ ಕೆಲಸ ಬಿಟ್ಟು 2022ರಲ್ಲಿ ಇಂಡಿಯಾ ರಿಸರ್ಚ್ ವಾಚ್ ಶುರುಮಾಡಿದರು. ಕೆಲಸ ಬಿಟ್ಟು ಎಣಿಸುವುದು ದೊಡ್ಡ ಮಾತು. ಆದರೆ ಸತ್ಯ ಹೇಳಬೇಕಾದವನು ಉಪವಾಸವೇ ಇರಬೇಕೆಂದು ಸಮಾಜ ಬಯಸುವುದು ನ್ಯಾಯವಲ್ಲ. ಉಪವಾಸ ಇರುವವನನ್ನು ಕೊಳ್ಳುವುದೂ ಸುಲಭ.

ಹಿಂದೆ ವಾರಾನ್ನದ ಪದ್ಧತಿ ಇತ್ತು. ಓದುವ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಣ್ಣುತ್ತಿದ್ದ. ಆ ಪದ್ಧತಿಗೆ ಜಾತಿಯ ಮಿತಿ ಇತ್ತು, ಅವಮಾನವೂ ಇತ್ತು; ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದರ ಲೆಕ್ಕಾಚಾರ ಮಾತ್ರ ನನಗೆ ಹಿಡಿಸುತ್ತದೆ: ಒಂದು ಮನೆಯವರು ಬಾಗಿಲು ಹಾಕಿದರೆ ಒಂದು ದಿನದ ಊಟ ತಪ್ಪುತ್ತದೆ, ಓದು ನಿಲ್ಲುವುದಿಲ್ಲ. ಎಣಿಸುವವರ ಸಂಸ್ಥೆಗೂ ಇದೇ ಸರಿ. ಕೊಡುವವರು ಹಲವರಿರಲಿ, ಯಾರ ಪಾಲೂ ಅತಿಯಾಗದಿರಲಿ. ಎಣಿಸಬೇಕಾದ ಮನೆಯಿಂದ ನೇರವಾಗಿ ತುತ್ತು ಬರದಿರಲಿ. ಯಾರು ಎಷ್ಟು ಕೊಟ್ಟರೆಂಬುದು ಗೋಡೆಯ ಮೇಲೆ ಇರಲಿ. ವರದಿ ಹೊರಬರುವ ಮುನ್ನ ಅದನ್ನು ನೋಡುವ ಹಕ್ಕು ಕೊಟ್ಟವರಿಗೆ ಇಲ್ಲವೆಂಬುದು ಕೊಡುವಾಗಲೇ ಬರೆದಿರಲಿ.

ಹತ್ತನೆಯ ತರಗತಿಯವರಿಗೆ ಈ ಗಾದೆಯನ್ನು ಈಗಲೂ ಬರೆಸುತ್ತೇನೆ. ವಿಸ್ತಾರ ಮುಗಿದ ಮೇಲೆ ಗಣಿಯ ಎಣಿಕೆಯ ಕಥೆ ಹೇಳಿ ಒಂದು ಪ್ರಶ್ನೆ ಕೊಡುತ್ತೇನೆ: ನಿಮ್ಮ ತಾತನ ಎಕ್ಸ್‌-ರೇ ನೋಡಿ ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವವರಿಗೆ ಸಂಬಳ ಕೊಡಬೇಕಾದವರು ಯಾರು? ಅದಕ್ಕೆ ಅಂಕವಿಲ್ಲ. ಆದರೂ ಉತ್ತರ ಬರೆದು ತರುತ್ತಾರೆ.