ರಾಕ್ಷಸನಿಗೂ ಒಂದು ಊರು ಬೇಕು

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ರಾಕ್ಷಸನಿಗೆ ಹುಲಿಯ ತಲೆ, ಹಿಂದುಮುಂದಾದ ಅಂಗೈ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದ ಚಿತ್ರದಲ್ಲಿ ಅವನಿಗೊಂದು ಹೊಗೆಸೊಪ್ಪಿನ ಪೈಪೂ ಇದೆ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಅವನ ಕತೆ ಮುಗಿಯಿತು. 1975ರಲ್ಲಿ ಅವನು ಈ ಆಟಕ್ಕೆ ಬಂದದ್ದು ರಾಮಾಯಣದಿಂದಲ್ಲ, ‘ಕೋಲ್ಚಾಕ್’ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ ಒಂದು ಕಂತಿನಿಂದ. ಕುಂದಗೋಳ, ನವಲಗುಂದದ ಕಡೆ ಬೆಳತನಕ ದೊಡ್ಡಾಟ ನೋಡಿದವರಿಗೆ ಈ ರಾಕ್ಷಸನನ್ನು ಕಂಡರೆ ನಗು ಬಂದೀತು. ಹುಲಿಯ ತಲೆಯ ಬಗ್ಗೆ ನನ್ನ ತಕರಾರಿಲ್ಲ. ದೊಡ್ಡಾಟದ ರಾಕ್ಷಸ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ತಡೆದು ಹೆಸರೇನು, ಯಾವ ಊರು, ಯಾತಕ್ಕೆ ಬಂದೆ ಎಂದು ಕೇಳುತ್ತಾನೆ. ರಾಕ್ಷಸ ಕುಣಿದು, ಅಬ್ಬರಿಸಿ, ತನ್ನ ಪೂರ್ವಾಪರ ಹೇಳಿಕೊಂಡ ಮೇಲೇ ಮುಂದಿನ ಕತೆ. ಮೇಜಿನ ಆಟದಲ್ಲಿ ಹಾಗೆ ಕೇಳುವವರೇ ಇಲ್ಲವಾಗಿದ್ದಾರೆ. 1974ರ ಮೂಲ ನಿಯಮಗಳಲ್ಲಿ, ಎದುರಾದ ಜೀವಿ ಮುನಿದಿದೆಯೋ ಒಲಿದಿದೆಯೋ ಎಂದು ಎರಡು ದಾಳ ಉರುಳಿಸಿ ತಿಳಿಯುವ ಪದ್ಧತಿಯಿತ್ತು. ಇವತ್ತು ಎಷ್ಟೋ ಮೇಜುಗಳಲ್ಲಿ ಅದನ್ನು ಕೈಬಿಟ್ಟು ನೇರ ಕತ್ತಿ ಹಿರಿಯುತ್ತಾರೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟದಲ್ಲಿ ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಪಾತ್ರ ವಹಿಸುತ್ತಾರೆ, ಗೆಲುವು ಸೋಲು ದಾಳದ ಕೈಯಲ್ಲಿ. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ ನೋಡಿದ ನಮ್ಮ ಹುಡುಗರಿಗೆ ಇದು ಹೊಸದಲ್ಲ. ದಾಳವಂತೂ ಈ ಸೀಮೆಗೆ ಹಳೆಯದು: ನವಲಗುಂದದ ಜಮಖಾನ ನೇಯುವ ಹೆಂಗಸರು ನವಿಲಿನ ಜೊತೆಗೆ ಪಗಡೆಯ ಮನೆಗಳನ್ನೂ ನೂಲಿನಲ್ಲಿ ಮೂಡಿಸುತ್ತ ಬಂದವರು. ಆ ಪಗಡೆ ಹಾಸಿನ ಮೇಲೆ ಇಂಥ ಕತೆಯಾಟ ಹೂಡುವುದಾದರೆ ರೂಪಗೆಟ್ಟ, ಬೆರಕೆ ಹುಟ್ಟಿನ ಮೃಗಗಳನ್ನು, ಅಂದರೆ ರೂಪಾಂತರಿಗಳನ್ನು, ಹೇಗೆ ತರಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಈ ಆಟದ ಪ್ರಸಿದ್ಧ ಬೆರಕೆ ಮೃಗ ಔಲ್‌ಬೇರ್: ಗೂಬೆಯ ತಲೆ, ಕರಡಿಯ ಮೈ. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ ಗೈಗ್ಯಾಕ್ಸ್ ಇದನ್ನು ಕಲ್ಪಿಸಿದ. ಅದರ ಹುಟ್ಟಿಗೆ ಪುಸ್ತಕ ಕೊಡುವ ಕಾರಣವೂ ಅಷ್ಟೇ ಅಗ್ಗ: ಯಾವನೋ ತಲೆಕೆಟ್ಟ ಮಾಂತ್ರಿಕನ ಪ್ರಯೋಗವಿರಬೇಕಂತೆ. ಐವತ್ತು ವರ್ಷಗಳಿಂದ ಜನ ಇದನ್ನು ಮುದ್ದಿಸಿದ್ದಾರೆ. ಆದರೆ ಆಟದೊಳಗೆ ಅದು ಮಾಡುವುದು ಕರಡಿ ಮಾಡುವುದನ್ನೇ. ಕೊಕ್ಕು ಬರೀ ಅಲಂಕಾರ. ಅದೇ ಆಟಿಕೆಗಳ ಗುಂಪಿನಿಂದ ಬಂದ ರಸ್ಟ್ ಮಾನ್‌ಸ್ಟರ್ ನನ್ನ ಮಟ್ಟಿಗೆ ಅದಕ್ಕಿಂತ ಬಹಳ ಮೇಲು. ಅದರ ಮೀಸೆ ತಾಗಿದ ಕಬ್ಬಿಣ ತುಕ್ಕು ಹಿಡಿದು ಉದುರುತ್ತದೆ, ಉದುರಿದ್ದನ್ನು ಅದು ತಿನ್ನುತ್ತದೆ. ಮನುಷ್ಯನ ಮೈಮೇಲೆ ಅದಕ್ಕೆ ಆಸೆಯಿಲ್ಲ. ಆದರೂ ಉಕ್ಕಿನ ಕವಚದ ವೀರರು ಅದನ್ನು ಕಂಡರೆ ಓಡುತ್ತಾರೆ. ಇದೇ ಮೃಗವನ್ನು ಮುಂಗಾರಿನ ಹೊತ್ತಿಗೆ ಅಣ್ಣಿಗೇರಿಯ ಎರೆಹೊಲಗಳಿಗೆ ಬಿಟ್ಟರೆ ಕುಂಟೆಯ ಕುಡ ಹೋಯಿತು, ಬಂಡಿಯ ಹಳಿ ಹೋಯಿತು, ಬಾವಿಯ ಗಡಗಡೆ ಹೋಯಿತು. ಒಬ್ಬರೂ ಸತ್ತಿಲ್ಲ, ಊರು ಮಾತ್ರ ಕೈಕಟ್ಟಿ ಕೂತಿದೆ. ರೂಪಾಂತರಿ ಬಂದದ್ದಕ್ಕೆ ಅಲ್ಲಿ ಅರ್ಥವಿದೆ.

ಚಾಲುಕ್ಯ ಶಿಲ್ಪಿಗಳಿಗೆ ಈ ಗುಟ್ಟು ತಿಳಿದಿತ್ತು. 11ನೇ ಶತಮಾನದ ಅಣ್ಣಿಗೇರಿ ಅಮೃತೇಶ್ವರ ಗುಡಿ ಸೇರಿದ ಆ ಪರಂಪರೆಯಲ್ಲಿ ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ದವಡೆ, ಬಳ್ಳಿಯಂತೆ ಸುರುಳಿ ಬಿಚ್ಚುವ ಬಾಲ. ಬೆರಕೆಯಲ್ಲಿ ಔಲ್‌ಬೇರನ್ನು ಮೀರಿಸುವಂಥದ್ದು, ಆದರೆ ಅದಕ್ಕೆ ಕೆಲಸ ಹಚ್ಚಿದ್ದಾರೆ: ತೋರಣ ಹೊರುವುದು, ಅಭಿಷೇಕದ ನೀರನ್ನು ಹೊರಗೆ ಹಾಯಿಸುವುದು.

ಇನ್ನು ಡಂಜನ್. ನೆಲಮಾಳಿಗೆಯ ಸೆರೆಮನೆಯನ್ನು ಯುರೋಪಿನ ಕೋಟೆಯಿಂದ ಎರವಲು ತರಬೇಕಿಲ್ಲ, ಎರೆಸೀಮೆಯಲ್ಲಿ ಕಾಳು ಕೂಡಿಡುವ ನೆಲಗುಂಡಿ, ಹಗೇವು ಇದೆ. ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ, ಜೋಳ ತುಂಬಿ ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದು. ಒಳಗಿನ ಕಾಳು ಉಸಿರಾಡಿ ಗಾಳಿ ಕೆಟ್ಟಿರುತ್ತದೆ. ನುಸಿ ಸಾಯುವುದು ಆ ಕೆಟ್ಟ ಗಾಳಿಯಿಂದ, ಅವಸರಕ್ಕೆ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ ಇಳಿಯುತ್ತಿದ್ದರು. ಈಗ ಇಲ್ಲೊಂದು ಹೆಗ್ಗಣವನ್ನು ಕಲ್ಪಿಸಿ. ತಲೆಮಾರುಗಳಿಂದ ಹಗೇವಿನಲ್ಲೇ ಬದುಕಿ, ಕೆಟ್ಟ ಗಾಳಿಯನ್ನೇ ಉಸಿರಾಡಿ, ಕುರುಡಾಗಿ, ಕರುವಿನ ಗಾತ್ರಕ್ಕೆ ಬೆಳೆದಿದೆ. ಅದು ಉಸಿರು ಬಿಟ್ಟಲ್ಲಿ ದೀಪ ಆರುತ್ತದೆ. ಬರಗಾಲದ ವರ್ಷ, ಊರಿಗೆ ಕಾಳು ಬೇಕು. ಆಟಗಾರರು ಅದನ್ನು ಕೊಲ್ಲಬಲ್ಲರು. ಕೊಂದರೆ ಮುಂದಿನ ಮಳೆಗಾಲಕ್ಕೆ ಊರಿನ ಎಲ್ಲ ಹಗೇವುಗಳಿಗೂ ನುಸಿ ಬೀಳುತ್ತದೆ. ಬಿಟ್ಟರೆ ಅದು ತನ್ನ ಪಾಲು ತಿನ್ನುತ್ತದೆ. ಅದಕ್ಕೆ ಎಷ್ಟು ಚೀಲ, ಗೌಡರ ಮನೆಗೆ ಎಷ್ಟು, ಕೂಲಿಯವರಿಗೆ ಎಷ್ಟು ಎಂದು ಕಟ್ಟೆಯ ಮೇಲೆ ಕೂತು ತೀರ್ಮಾನಿಸಬೇಕು. ಜಗಳ ಬೆಳಗಾದರೂ ಮುಗಿಯಲಿಕ್ಕಿಲ್ಲ. ಇಂಥದ್ದು ಒಂದೇ ಸಾಕು. ಒಂದು ಸಂಜೆಗೆ ಆರು ತರಹದ ವಿಕಾರ ಪ್ರಾಣಿಗಳನ್ನು ಸುರಿಯುವವರು ಸಂತೆಯಲ್ಲಿ ಮಗುವಿಗೆ ಕಂಡದ್ದನ್ನೆಲ್ಲ ಕೊಡಿಸುವ ಮಾವನ ಹಾಗೆ. ಮನೆ ತಲುಪುವಷ್ಟರಲ್ಲಿ ಮಗು ಮೊದಲಿನದನ್ನು ಮರೆತಿರುತ್ತದೆ.

ಹೆಚ್ಚು ತಲೆ, ಹೆಚ್ಚು ಬಲ ಎಂಬ ಚಟ ಪಶ್ಚಿಮದವರದ್ದು ಮಾತ್ರ ಅಲ್ಲ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಒಂದನ್ನೊಂದು ಹಿಡಿದ ಪ್ರಾಣಿಗಳ ಸಾಲು ಇದೆ: ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಕಲ್ಲಿನಲ್ಲಿ ಸೊಗಸಾಗಿದೆ, ಆಟಕ್ಕೆ ಮಾತ್ರ ಅಪಾಯದ ಮಾದರಿ. ಪ್ರತಿ ವಾರ ಹಿಂದಿನದಕ್ಕಿಂತ ದೊಡ್ಡದು ತರುತ್ತ ಹೋದರೆ ಗಂಡಭೇರುಂಡದ ಮೇಲೆ ತರುವುದೇನು?

ರೂಪ ಕೆಡಲು ಕಾರಣವೇನು ಎಂಬ ಪ್ರಶ್ನೆಗೆ ಉತ್ತಮ ಉತ್ತರ ಕೊಟ್ಟದ್ದು ಜೇಮ್ಸ್ ವಾರ್ಡ್ ಅವರ 1976ರ ಆಟ ‘ಮೆಟಮಾರ್ಫಾಸಿಸ್ ಆಲ್ಫಾ’. ತಲೆಮಾರುಗಳ ಕಾಲ ಸಾಗಬೇಕಾದ ಅಂತರಿಕ್ಷ ನೌಕೆಗೆ ವಿಕಿರಣ ತಾಗಿದೆ, ಬದುಕುಳಿದವರಿಗೆ ತಾವಿರುವುದು ನೌಕೆ ಎಂಬುದೇ ಮರೆತಿದೆ. ಎಲ್ಲ ವಿಕಾರಕ್ಕೂ ಒಂದೇ ಮೂಲ, ಹುಡುಕುತ್ತ ಹೋದರೆ ಸಿಗುತ್ತದೆ. ಆದರೆ ವಿಷವನ್ನೋ ವಿಕಿರಣವನ್ನೋ ಕಾರಣ ಮಾಡುವ ಕನ್ನಡದ ಆಟಗಾರ ಕಾಸರಗೋಡನ್ನು ಮರೆಯುವ ಹಾಗಿಲ್ಲ. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಕನ್ನಡ, ತುಳು ಮಾತಾಡುವ ಪಡ್ರೆಯಂಥ ಊರುಗಳು ಅಂಗವೈಕಲ್ಯದ ಮಕ್ಕಳನ್ನು ಇವತ್ತಿಗೂ ಸಾಕುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. ಇದನ್ನು ಬಲ್ಲವರು ವಿಷದಿಂದ ರೂಪಗೆಟ್ಟ ಮನುಷ್ಯನನ್ನು ಕತ್ತಿಗೆ ಸಿಗುವ ಶತ್ರುವಾಗಿ ಎದುರು ನಿಲ್ಲಿಸಿದರೆ ಅದು ಕಲ್ಪನೆಯ ಬಡತನ ಮಾತ್ರವಲ್ಲ, ಹೃದಯಹೀನತೆ ಕೂಡ.

ಇದಕ್ಕೆ ಬೇರೆ ದಾರಿಯೊಂದು 1978ರ ‘ಗಾಮಾ ವರ್ಲ್ಡ್’ ಆಟದಲ್ಲಿದೆ. ಅದರಲ್ಲಿ ಆಟಗಾರನೇ ರೂಪಾಂತರಿಯಾಗಬಹುದು. ದಾಳ ಉರುಳಿಸಿ ಪಟ್ಟಿ ನೋಡಿದರೆ ಅವನಿಗೆ ಬಂದ ಶಕ್ತಿಯೂ ಊನವೂ ಗೊತ್ತಾಗುತ್ತವೆ. ಈ ಏರ್ಪಾಟನ್ನು ನಾನು ಮೆಚ್ಚುತ್ತೇನೆ, ಪೂರ್ತಿಯಾಗಿ ಅಲ್ಲ. ಪಟ್ಟಿಯ ಲೆಕ್ಕವೆಲ್ಲ ಮೈಯದು: ಬಲ ಎಷ್ಟು ಕುಗ್ಗಿತು, ಕಣ್ಣು ಎಷ್ಟು ದೂರ ಕಂಡಿತು. ಅವನು ಕೆರೆಯಲ್ಲಿ ನೀರು ಮುಟ್ಟಬಹುದೇ, ಮದುವೆಯ ಪಂಕ್ತಿಯಲ್ಲಿ ಯಾರ ಪಕ್ಕ ಎಲೆ ಹಾಕುತ್ತಾರೆ, ಅವನ ತಂಗಿಗೆ ಗಂಡು ಸಿಗುತ್ತದೆಯೇ ಎಂಬುದು ಅದರಲ್ಲಿಲ್ಲ. ಕಲಘಟಗಿಯ ಕಾಡಂಚಿನಲ್ಲೋ ಬೆಣ್ಣೆಹಳ್ಳದ ದಂಡೆಯಲ್ಲೋ ಆಟ ನಡೆಸುವವರು ಮೊದಲು ಬರೆದುಕೊಳ್ಳಬೇಕಾದ ಪಟ್ಟಿ ಅದು.